ಅವಧಿ ಮೀರಿದ ಚರ್ಮ ಆರೈಕೆ ಉತ್ಪನ್ನಗಳ ಗೃಹಬಳಕೆ: ಸಾರ್ವಜನಿಕರ ಮಾಹಿತಿಗಾಗಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಕ್ರೀಮು, ಲೋಷನ್, ಕಾಡಿಗೆ ಮುಂತಾದ ಕಾಂತಿವರ್ಧಕಗಳು ಪಟ್ಟಣದ ಫ್ಯಾನ್ಸಿ ಸ್ಟೋರ್‌ಗಳಿಂದ ವಾರದ ಸಂತೆಯವರೆಗೆ ಎಲ್ಲೆಡೆ ದೊರೆಯುತ್ತವೆ. ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940 ಹಾಗೂ ಕಾಂತಿವರ್ಧಕ ನಿಯಮಗಳು, 2020ರ ಅನ್ವಯ ಇವುಗಳ ತಯಾರಿಕೆಗೆ ಪರವಾನಗಿ ಕಡ್ಡಾಯವಾಗಿದೆ. ಆದರೆ ಔಷಧ ಅಂಗಡಿಗಳಿಗೆ ಇರುವಂತೆ ಇವುಗಳ ಚಿಲ್ಲರೆ ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಮನೆಯ ಕಪಾಟಿನಲ್ಲಿ ಉಳಿದ ಡಬ್ಬಿಯನ್ನಂತೂ ಯಾವ ಅಧಿಕಾರಿಯೂ ಪರಿಶೀಲಿಸುವುದಿಲ್ಲ. ಆದ್ದರಿಂದ ದಿನಾಂಕವನ್ನು ನೋಡುವ ಹೊಣೆ ಅಂತಿಮವಾಗಿ ಬಳಕೆದಾರರದೇ ಆಗಿರುತ್ತದೆ.

ದಿನಾಂಕದ ಅರ್ಥ

ಲೇಬಲ್ ಮೇಲಿನ ಅವಧಿಯು ಮುಚ್ಚಿದ ಹಾಗೂ ಸರಿಯಾಗಿ ಸಂಗ್ರಹಿಸಿದ ಉತ್ಪನ್ನಕ್ಕೆ ಅನ್ವಯಿಸುತ್ತದೆ. ಮುಚ್ಚಳ ತೆರೆದ ನಂತರ ಗಾಳಿ, ಬಿಸಿಲು, ತೇವ ಹಾಗೂ ಬೆರಳುಗಳ ಮೂಲಕ ಸೂಕ್ಷ್ಮಾಣುಜೀವಿಗಳು ಒಳಸೇರುತ್ತವೆ. ಅವಧಿ ಮೀರಿದಂತೆ ಸಂರಕ್ಷಕಗಳ ಶಕ್ತಿ ಕುಂದಬಹುದು. ಆಗ ತುರಿಕೆ, ಕೆಂಪು ದದ್ದು ಅಥವಾ ಸೋಂಕು ಉಂಟಾಗುವ ಸಂಭವವಿದೆ. ಅವಧಿ ಮೀರಿದ ಸನ್‌ಸ್ಕ್ರೀನ್ ಲೇಬಲ್‌ನಲ್ಲಿ ಹೇಳಿದಷ್ಟು ರಕ್ಷಣೆ ನೀಡುವುದೆಂದು ನಂಬಲಾಗದು. ಕಣ್ಣಿಗೆ ಹಚ್ಚುವ ಕಾಡಿಗೆಯ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ.

ಒಡೆದ ಚರ್ಮಕ್ಕೆ ಅಪಾಯ ಇನ್ನೂ ಹೆಚ್ಚು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಕೈಗಳನ್ನು ಪದೇ ಪದೇ ಬಿಸಿನೀರಿನಲ್ಲಿ ಅದ್ದಿ ಕೆಲಸ ಮಾಡುವವರು ಬಿರುಕುಬಿಟ್ಟ ಕೈಗಳಿಗೆ ಹಳೆಯ ಕ್ರೀಮು ಹಚ್ಚುವುದು ಸೋಂಕಿಗೆ ದಾರಿಯಾಗಬಹುದು.

ಲೇಬಲ್ ಇಲ್ಲದ ಕ್ರೀಮು

ವಿವರಗಳೇ ಇಲ್ಲದ ಡಬ್ಬಿಯಲ್ಲಿ ಅವಧಿಯನ್ನೂ ಒಳಗಿರುವ ಪದಾರ್ಥವನ್ನೂ ತಿಳಿಯಲಾಗದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಚರ್ಮ ಬಿಳುಪಾಗಿಸುವ ಕ್ರೀಮು ಬಳಸಿದ ಕೆಲವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದು, ಕ್ರೀಮಿನಲ್ಲಿದ್ದ ಪಾದರಸದ ಕಡೆಗೆ ಗಮನ ಹರಿಯಿತು. 2020ರ ನಿಯಮಗಳಂತೆ, ಕಣ್ಣಿನ ಭಾಗಕ್ಕೆ ಬಳಸುವವುಗಳನ್ನು ಹೊರತುಪಡಿಸಿ ಇತರ ಕಾಂತಿವರ್ಧಕಗಳಲ್ಲಿ ಉದ್ದೇಶರಹಿತವಾಗಿ ಸೇರಿದ ಪಾದರಸವು ಹತ್ತು ಲಕ್ಷ ಭಾಗಗಳಲ್ಲಿ 1 ಭಾಗವನ್ನು ಮೀರುವಂತಿಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಖರೀದಿಸುವಾಗ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ ಹಾಗೂ ಬಳಕೆಯ ಅವಧಿಯನ್ನು ಪರಿಶೀಲಿಸಿ, ರಸೀದಿ ಪಡೆಯುವುದು.
2. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡುವುದು.
3. ವಾಸನೆ, ಬಣ್ಣ ಬದಲಾದರೆ ಅಥವಾ ನೀರು ಬೇರ್ಪಟ್ಟರೆ ಅವಧಿ ಉಳಿದಿದ್ದರೂ ಬಳಸದಿರುವುದು.
4. ಅವಧಿ ಮೀರಿದ್ದನ್ನು ಮಕ್ಕಳಿಗಾಗಲೀ ಮನೆಗೆಲಸದವರಿಗಾಗಲೀ ನೀಡದಿರುವುದು.
5. ಉರಿ ಅಥವಾ ಊತ ಕಂಡರೆ ಬಳಕೆ ನಿಲ್ಲಿಸಿ, ಡಬ್ಬಿಯೊಂದಿಗೆ ವೈದ್ಯರನ್ನು ಕಾಣುವುದು.

ಪರಿಹಾರದ ಮಾರ್ಗ

1940ರ ಅಧಿನಿಯಮದ 26ನೇ ಪ್ರಕರಣದಂತೆ ಯಾವುದೇ ವ್ಯಕ್ತಿಯು ತಾನು ಖರೀದಿಸಿದ ಕಾಂತಿವರ್ಧಕವನ್ನು ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಅವಧಿ ಮೀರಿದ ಸರಕನ್ನು ಮಾರಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೂ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ರಸೀದಿ ಮತ್ತು ಲೇಬಲ್ ಸಹಿತ ಡಬ್ಬಿಯೇ ಮುಖ್ಯ ಸಾಕ್ಷ್ಯವಾದ್ದರಿಂದ ದೂರು ಇತ್ಯರ್ಥವಾಗುವವರೆಗೆ ಅವುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.