ಗೆದ್ದವರಿಗೆ ವಿನಾಯಿತಿ, ಸಾಲ ಮಾಡಿದವರಿಗೆ ತೆರಿಗೆ

ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯಕ್ಕೂ ಹೈಟೆಕ್ ಸಿಟಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರು. ಆದಾಯ ತೆರಿಗೆಯ ಕಣ್ಣಿಗೆ ಮಾತ್ರ ಅವೆರಡೂ ಬೇರೆ ಬೇರೆ ಲೋಕ.

ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಬೀದರಿನ ಹುಡುಗಿಯೊಬ್ಬಳಿಗೆ ಜೆಆರ್‌ಎಫ್ ಸಿಕ್ಕಿದೆ ಎನ್ನಿ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ತೆರಿಗೆಯಿಲ್ಲ. ಓದಿನ ಖರ್ಚಿಗೆ ಕೊಟ್ಟ ವಿದ್ಯಾರ್ಥಿವೇತನವನ್ನು ಆದಾಯಕ್ಕೆ ಸೇರಿಸಬಾರದು ಎನ್ನುತ್ತದೆ 1961ರ ಕಾಯ್ದೆಯ 10(16)ನೇ ಕಲಂ. ಅಮೆರಿಕದಲ್ಲಿ ಶುಲ್ಕ, ಪುಸ್ತಕಗಳಿಗೆ ಹೋದ ಭಾಗಕ್ಕಷ್ಟೇ ವಿನಾಯಿತಿ. ಊಟ, ವಸತಿಯ ಪಾಲಿಗೆ ತೆರಿಗೆ. ಈ ವಿಷಯದಲ್ಲಿ ನಮ್ಮದೇ ದೊಡ್ಡ ಮನಸ್ಸು. ಇರಲಿ, ಒಳ್ಳೆಯದೇ.

ಆದರೆ ಅವಳದೇ ಊರಿನಿಂದ ಬಂದು, ಸಾಲ ಮಾಡಿ ಓದಿ, ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿರುವ ಹುಡುಗನ ಗತಿ? ಅವನು ಕಟ್ಟುವ ಬಡ್ಡಿಯೂ ಓದಿನ ಖರ್ಚೇ. ಹಳೆಯ ಪದ್ಧತಿಯಲ್ಲಿ 80ಇ ಕಲಂ ಎಂಟು ವರ್ಷದವರೆಗೆ ಆ ಬಡ್ಡಿಯನ್ನು ಆದಾಯದಿಂದ ಕಳೆಯಲು ಬಿಡುತ್ತದೆ. 2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿ ಬಿಡುವುದಿಲ್ಲ. 2025-26ರ ದರದಲ್ಲಿ ಲೆಕ್ಕ ಹಾಕಿ: ವರ್ಷಕ್ಕೆ 15 ಲಕ್ಷ ಸಂಬಳ, ಅದರಲ್ಲಿ 1 ಲಕ್ಷ ಬಡ್ಡಿಗೆ. ಕೈಯಲ್ಲಿ ನಿಲ್ಲದ ಆ ಲಕ್ಷಕ್ಕೂ 15,000 ರೂಪಾಯಿ ತೆರಿಗೆ, ಜೊತೆಗೆ ಸೆಸ್.

ಸಾಲ ಬೇಡವೆಂದು ಮೊದಲೇ ಉಳಿಸಿದ ಅಪ್ಪ ಅಮ್ಮಂದಿರ ಪಾಡೂ ಅಷ್ಟಕ್ಕಷ್ಟೇ. ಮಗಳಿಗೆ ಸುಕನ್ಯಾ ಸಮೃದ್ಧಿ ಇದೆ: ಹತ್ತನೇ ತರಗತಿ ಮುಗಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು, ತೆರಿಗೆಯಿಲ್ಲ. ಚಿಕ್ಕ ಮಗನ ಹೆಸರಿನಲ್ಲಿ ಎಫ್‌ಡಿ ಇಟ್ಟರೆ ಅದರ ಬಡ್ಡಿ ಹೆತ್ತವರ ಆದಾಯಕ್ಕೇ ಸೇರುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಬಿಡುವುದು 1,500 ರೂಪಾಯಿ. ಅದು 1990ರ ದಶಕದ ಮೊತ್ತ. ಹೊಸದರಲ್ಲಿ ಅದೂ ಇಲ್ಲ.

'ದರ ಇಳಿಸಿದ್ದೇವಲ್ಲ' ಎಂಬ ಉತ್ತರ ಸಿದ್ಧವಿದೆ. ಇಳಿದ ದರ ಸಾಲವಿಲ್ಲದವನಿಗೂ ಅಷ್ಟೇ. ಅಪ್ಪನ ದುಡ್ಡಲ್ಲಿ ಓದಿದವನೂ ಬ್ಯಾಂಕಿನ ದುಡ್ಡಲ್ಲಿ ಓದಿದವನೂ ಸರಿಸಮಾನ ಎಂದರೆ ಅದು ಸಮಾನತೆಯಲ್ಲ, ಕುರುಡು.

ವಿನಾಯಿತಿಗಳನ್ನೆಲ್ಲ ತೆಗೆದು ಸರಳ ಮಾಡಿದ್ದೇವೆ ಎನ್ನುವುದೂ ಪೂರ್ತಿ ನಿಜವಲ್ಲ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಲು ಹೊಸ ಪದ್ಧತಿಯೂ ಬಿಡುತ್ತದೆ. ಸಾಲದಲ್ಲಿ ಎರಡನೇ ಮನೆ ಕಟ್ಟಿದವನಿಗೆ ಸಿಗುವ ಮರ್ಯಾದೆ ಸಾಲದಲ್ಲಿ ಓದಿದವನಿಗೆ ಬೇಡವೇ? 80ಇ ಹೊಸ ಪದ್ಧತಿಗೂ ಬರಬೇಕು. ಅಲ್ಲಿಯವರೆಗೆ, ಶಿಕ್ಷಣ ಸಾಲ ತೀರಿಸುತ್ತಿರುವವರು ರಿಟರ್ನ್ ಸಲ್ಲಿಸುವ ಮುನ್ನ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿ.