ಸ್ನೇಹ ಇಲ್ಲದಿದ್ದರೂ ಸರಿ, ಮಾತು ಇರಲಿ

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಡೆಮೊ ದಿನ ನಮ್ಮ ಸೆನ್ಸರ್ ಸೊನ್ನೆ ಬಿಟ್ಟು ಬೇರೇನನ್ನೂ ತೋರಿಸಲಿಲ್ಲ. ಹಾರ್ಡ್‌ವೇರ್ ನೋಡಿಕೊಳ್ಳುತ್ತಿದ್ದ ಗೆಳೆಯ ಹಿಂದಿನ ರಾತ್ರಿ ಒಂದು ವೈರನ್ನು ಬೇರೆ ಪಿನ್‌ಗೆ ಹಾಕಿದ್ದ. ಕೋಡ್ ಬರೆದವನಿಗೆ ಅದು ಗೊತ್ತೇ ಇರಲಿಲ್ಲ. ಮೂರು ವಾರಗಳಿಂದ ಅವರಿಬ್ಬರ ನಡುವೆ ಮಾತು ನಿಂತಿತ್ತು. ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಮುಟ್ಟಿಸುವ ಅಂಚೆಯಣ್ಣನ ಕೆಲಸ ನನ್ನದಾಗಿತ್ತು.

ಬ್ಯಾಸ್ಕೆಟ್‌ಬಾಲ್ ಹುಚ್ಚಿನ ನನಗೆ ಆ ಸಂಜೆ ನೆನಪಾದದ್ದು ಅಮೆರಿಕದ ಎನ್‌ಬಿಎ ಲೀಗ್‌ನ ಲಾಸ್ ಏಂಜಲೀಸ್ ಲೇಕರ್ಸ್ ತಂಡ. 2012–13ರಲ್ಲಿ ಆ ತಂಡದಲ್ಲಿ ಯಾರಿರಲಿಲ್ಲ? ಐದು ಬಾರಿ ಚಾಂಪಿಯನ್ ಆಗಿದ್ದ ಕೋಬಿ ಬ್ರಯಾಂಟ್, ಎರಡು ಬಾರಿ ಲೀಗ್‌ನ ಅತ್ಯುತ್ತಮ ಆಟಗಾರನಾಗಿದ್ದ ಸ್ಟೀವ್ ನ್ಯಾಶ್, ಮೂರು ಬಾರಿ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಪಡೆದಿದ್ದ ಡ್ವೈಟ್ ಹೋವರ್ಡ್, ಜೊತೆಗೆ ಪೌ ಗಸೋಲ್. ಕಪ್ ಇವರದೇ ಎಂದು ಬಹಳ ಮಂದಿ ನಂಬಿದ್ದರು.

ಆದರೆ ಮೊದಲ ಐದು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಕೋಚ್ ಮೈಕ್ ಬ್ರೌನ್ ಕೆಲಸ ಹೋಯಿತು. ನ್ಯಾಶ್ ಕಾಲಿನ ಮೂಳೆ ಮುರಿಯಿತು. ಚೆಂಡು ತನಗೆ ಸಾಕಷ್ಟು ಸಿಗುತ್ತಿಲ್ಲ ಎಂಬ ಅಸಮಾಧಾನ ಹೋವರ್ಡ್‌ಗಿತ್ತು. ಸೋಲು ಮುನಿಸನ್ನು ಹುಟ್ಟಿಸಿತೋ, ಮುನಿಸೇ ಸೋಲು ತಂದಿತೋ ಹೇಳುವುದು ಕಷ್ಟ. ಒಂದಂತೂ ನಿಜ, ಎರಡೂ ಒಂದನ್ನೊಂದು ಬೆಳೆಸಿದವು.

2013ರ ಜನವರಿ 23ರಂದು ಮೆಂಫಿಸ್‌ನಲ್ಲಿ ಪಂದ್ಯಕ್ಕೆ ಮುನ್ನ ಆಟಗಾರರು ಒಟ್ಟಿಗೆ ಕುಳಿತರು. ‘ನನ್ನ ಜೊತೆ ಆಡುವುದು ನಿನಗೆ ಇಷ್ಟವಿಲ್ಲವೇ’ ಎಂದು ಕೋಬಿ ನೇರವಾಗಿ ಹೋವರ್ಡ್‌ನನ್ನು ಕೇಳಿದರೆಂದು ಆಗ ವರದಿಯಾಗಿತ್ತು. ಎಲ್ಲರೆದುರು ಆ ಪ್ರಶ್ನೆ ಕೇಳುವುದು ಸುಲಭವಲ್ಲ. ಅದನ್ನು ಎದುರಿಸುವುದು ಇನ್ನೂ ಕಷ್ಟ.

ಅಂದು ರಾತ್ರಿಯೂ ತಂಡ ಸೋತಿತು. ಲೆಕ್ಕ 17 ಗೆಲುವು, 25 ಸೋಲಿಗೆ ಬಂತು. ಆದರೆ ಮುಂದಿನ ಪಂದ್ಯದಲ್ಲಿ, ಅಂಕ ಬಾಚುವುದಕ್ಕೇ ಹೆಸರಾಗಿದ್ದ ಕೋಬಿ ಜೊತೆಗಾರರು ಅಂಕ ಗಳಿಸುವಂತೆ 14 ಅಸಿಸ್ಟ್ ಕೊಟ್ಟರು. ಉಳಿದ 40 ಪಂದ್ಯಗಳಲ್ಲಿ ಲೇಕರ್ಸ್ 28 ಗೆದ್ದು ಪ್ಲೇಆಫ್‌ಗೆ ಹೋಯಿತು.

ಇದು ಸಿನಿಮಾ ಕಥೆಯಲ್ಲ. ಗಾಯಗೊಂಡ ಕೋಬಿ ಇಲ್ಲದ ತಂಡ ಮೊದಲ ಸುತ್ತಿನಲ್ಲೇ ಸ್ಯಾನ್ ಆಂಟೋನಿಯೊ ಸ್ಪರ್ಸ್ ಎದುರು 4–0ರಿಂದ ಸೋತಿತು. ಹೋವರ್ಡ್ ಅದೇ ಬೇಸಿಗೆಯಲ್ಲಿ ಹ್ಯೂಸ್ಟನ್ ತಂಡಕ್ಕೆ ಹೋದರು. ಮಾತಾಡಿದ ಮಾತ್ರಕ್ಕೆ ಅವರು ಜೀವದ ಗೆಳೆಯರಾಗಲಿಲ್ಲ. ಆದರೂ ಒಟ್ಟಿಗೆ ಕೆಲಸ ಮಾಡುವಷ್ಟು ದಾರಿ ತೆರೆಯಿತು. ನನಗೆ ಮುಖ್ಯ ಅನಿಸುವುದು ಇದೇ.

ಕ್ಯಾಂಪಸ್ ಸಂದರ್ಶನದಲ್ಲಿ ‘ತಂಡದಲ್ಲಿ ಭಿನ್ನಾಭಿಪ್ರಾಯ ಬಂದರೆ ಏನು ಮಾಡುತ್ತೀರಿ’ ಎಂದು ಕೇಳುತ್ತಾರೆ. ಬಾಯಿಪಾಠ ಮಾಡಿದ ಉತ್ತರ ನಮ್ಮೆಲ್ಲರ ಬಳಿಯೂ ಇದೆ. ಆದರೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಇಬ್ಬರು ಮೌನವಾದರೆ ನಾವೂ ಸುಮ್ಮನಾಗುತ್ತೇವೆ. ‘ನಮಗ್ಯಾಕೆ ಊರ ಉಸಾಬರಿ’ ಎನ್ನುತ್ತೇವೆ. ನಾನು ಮಾಡಿದ್ದೂ ಅದನ್ನೇ. ಯಾರ ಪಕ್ಷವನ್ನೂ ವಹಿಸದ ಒಳ್ಳೆಯವನು ಎಂದುಕೊಂಡಿದ್ದೆ. ನಿಜಕ್ಕೂ, ಅವರಿಬ್ಬರೂ ಎದುರುಬದುರು ಕೂರದಂತೆ ಅನುಕೂಲ ಮಾಡಿಕೊಟ್ಟವನು ನಾನೇ. ಆ ಪಿನ್‌ನ ವಿಷಯ ನನ್ನ ಅಂಚೆ ಚೀಲದಲ್ಲೂ ಇರಲಿಲ್ಲ.

ಮುಂದಿನ ಪ್ರಾಜೆಕ್ಟ್‌ಗೂ ಅದೇ ನಾಲ್ವರು. ಕಳೆದ ವಾರ ಇಬ್ಬರನ್ನೂ ಕ್ಯಾಂಟೀನ್‌ಗೆ ಕರೆದು, ‘ಇನ್ನು ಮೇಲೆ ನಾನು ಸುದ್ದಿ ಮುಟ್ಟಿಸುವುದಿಲ್ಲ, ನೀವೇ ಮಾತಾಡಿ’ ಎಂದೆ. ಮೊದಲ ಹತ್ತು ನಿಮಿಷ ಚಹಾ ತಣ್ಣಗಾಯಿತು. ಆಮೇಲೆ ಜೋರು ದನಿಯಲ್ಲಿ ವಾದ ನಡೆಯಿತು. ಅವರು ಈಗಲೂ ಒಟ್ಟಿಗೆ ಊಟಕ್ಕೆ ಹೋಗುವುದಿಲ್ಲ. ಆದರೆ ನಿನ್ನೆ ಗ್ರೂಪ್‌ನಲ್ಲಿ ಒಂದು ಮೆಸೇಜ್ ಬಂತು: ‘ಪಿನ್ ಬದಲಿಸಿದ್ದೇನೆ, ನೋಡಿಕೊ.’

ಸದ್ಯಕ್ಕೆ ನಮಗೆ ಅಷ್ಟು ಸಾಕು.