ದಂಗೆ, ಕಾಟಕಾಯಿ, ಕೂಂಬಿಂಗ್

1837ರ ಒಂದು ಹೋರಾಟ ಮುಗಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಪರ ನಿಂತ ಕೊಡಗಿನವರಿಗೆ ಚಿನ್ನ, ಬೆಳ್ಳಿಯ ಪದಕ ಹಂಚಿತು. ಒಂದು ಬದಿಯಲ್ಲಿ ಕೋವಿ ಹಿಡಿದ ಯೋಧ, ಸುತ್ತ ಕನ್ನಡ ಬರಹ. ಮತ್ತೊಂದು ಬದಿಯಲ್ಲಿ ಇಂಗ್ಲಿಷ್. ಇಂಗ್ಲಿಷಿನ ಬದಿ ನಿಷ್ಠೆಯನ್ನೂ ಒಳ್ಳೆಯ ನಡತೆಯನ್ನೂ ಹೊಗಳಿ ಸುಮ್ಮನಾಗುತ್ತದೆ. ದಂಗೆ ಅಡಗಿಸಿದ್ದಕ್ಕೆ ಈ ಕೃಪೆ ಎಂದು ಬಿಡಿಸಿ ಹೇಳುವುದು ಕನ್ನಡದ ಬದಿಯೇ. ಯಾರು ಓದಬೇಕು ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಆ 'ದಂಗೆ' ಎದ್ದದ್ದು ಉಪ್ಪಿನಂಗಡಿಯವರು ಪುತ್ತೂರಿನಲ್ಲಿ ಬಸ್ಸು ಬದಲಿಸಿದರೆ ಸಿಗುವ ಊರುಗಳಲ್ಲಿ. 1834ರಲ್ಲಿ ಕೊಡಗಿನ ಅರಸ ಚಿಕವೀರರಾಜೇಂದ್ರನನ್ನು ಇಳಿಸಿದ ಕಂಪನಿ, ಸುಳ್ಯ ಸೀಮೆಯ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂದಿತು. ಕೈಯಲ್ಲಿ ಕಾಸಿಲ್ಲದ ರೈತ ಸಿಟ್ಟಾದ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ, ಪುಟ್ಟಬಸಪ್ಪನನ್ನೇ ಅರಸುಮನೆತನದ ಕಲ್ಯಾಣಸ್ವಾಮಿ ಎಂದು ಮುಂದಿಟ್ಟುಕೊಂಡು ಹೊರಟ ದಂಡು ಬೆಳ್ಳಾರೆಯ ಖಜಾನೆ ಹಿಡಿಯಿತು. ಪುತ್ತೂರಿನ ತನಕ ಬಂದಿದ್ದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಂದೆ ಸರಿದ. ಏಪ್ರಿಲ್ 5ಕ್ಕೆ ಮಂಗಳೂರೂ ದಂಡಿನ ವಶವಾಯಿತು; ಬಾವುಟಗುಡ್ಡೆಯಲ್ಲಿ 13 ದಿನ ಅವರ ಬಾವುಟ ಹಾರಿತು.

ಮುಂದಿನದು ಸೇಡು. ಪುಟ್ಟಬಸಪ್ಪನಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಎದುರು ಗಲ್ಲಿಗೇರಿಸಿದರು.

ಕಂಪನಿಯ ಕಡತದಲ್ಲಿ ಇದು 'ಇನ್ಸರೆಕ್ಷನ್'. ಜನರ ಬಾಯಲ್ಲಿ ಉಳಿದದ್ದು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಲೂಟಿ, ಉಪದ್ರ. ದಂಡು ಹೋದ ದಾರಿಯಲ್ಲಿ ಲೂಟಿ, ಕೊಲೆ ನಡೆದದ್ದು ಸುಳ್ಳೂ ಅಲ್ಲ. ಕುಳಕುಂದದಲ್ಲಿ ಹುಟ್ಟಿದ ನಿರಂಜನರು ಈ ಕಥೆಯನ್ನು 'ಕಲ್ಯಾಣಸ್ವಾಮಿ' ಕಾದಂಬರಿ ಮಾಡಿದರು. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಈಗಿನ ಭಾಷಣಗಳಲ್ಲಿ ಅದೇ ದಂಗೆ 'ಸ್ವಾತಂತ್ರ್ಯ ಸಮರ'.

1837ರಲ್ಲಿ ಹೆಸರಿಟ್ಟವನೇ ತೀರ್ಪುಗಾರ. 'ದಂಗೆಕೋರ' ಎಂದಾದ ಮೇಲೆ ಸೆರೆಸಿಕ್ಕವನಿಗೆ ಯೋಧನ ಮರ್ಯಾದೆ ಎಲ್ಲಿಯದು? ಯುದ್ಧಕ್ಕೆ ಕಟ್ಟುಪಾಡು ಹಾಕುವ ಜಿನೀವಾದ ಮೊದಲ ಒಪ್ಪಂದವಾದದ್ದೇ 1864ರಲ್ಲಿ. ದೇಶದೊಳಗಿನ ಸಶಸ್ತ್ರ ಸಂಘರ್ಷದ ತನಕ ಆ ಕಾನೂನು ಬರಲು 1949 ಆಗಬೇಕಾಯಿತು. ಆ ವರ್ಷದ ನಾಲ್ಕೂ ಒಪ್ಪಂದಗಳಲ್ಲಿ ಒಂದೇ ಬಗೆಯ 3ನೇ ವಿಧಿ ಇದೆ. ಅದರ ಜಾಣತನವೆಲ್ಲ ಕೊನೆಯ ವಾಕ್ಯದಲ್ಲಿದೆ. ಈ ನಿಯಮ ಪಾಲಿಸಿದ ಮಾತ್ರಕ್ಕೆ ಎದುರಾಳಿಯ ಕಾನೂನು ಸ್ಥಾನಮಾನ ಬದಲಾಗದು ಎನ್ನುತ್ತದೆ ಅದು. ಬಂಡುಕೋರ ಎಂದೇ ಕರೆಯಿರಿ. ಆದರೆ ಆಯುಧ ಕೆಳಗಿಟ್ಟವನನ್ನು ಕೊಲ್ಲುವಂತಿಲ್ಲ, ಗಾಯಾಳುವಿಗೆ ಆರೈಕೆ ತಪ್ಪಿಸುವಂತಿಲ್ಲ, ಸರಿಯಾದ ನ್ಯಾಯಾಲಯದ ತೀರ್ಪಿಲ್ಲದೆ ಗಲ್ಲಿಗೇರಿಸುವಂತಿಲ್ಲ. ಭಾರತ 1950ರಲ್ಲೇ ಒಪ್ಪಿ, 1960ರಲ್ಲಿ ಇದಕ್ಕಾಗಿ ಕಾಯ್ದೆಯನ್ನೂ ಮಾಡಿತು.

ಕಾನೂನು ಹೀಗೆ ನಾಲಿಗೆ ಬಿಗಿಹಿಡಿದರೂ ಇಂಗ್ಲಿಷಿನ ನುಡಿಗಟ್ಟುಗಳು ಹಳೇ ಚಾಳಿ ಬಿಟ್ಟಿಲ್ಲ. ಶರಣಾದವರಿಗೂ ಜೀವದಾನವಿಲ್ಲ ಎಂದು ಸಾರುವುದನ್ನು 1907ರ ಹೇಗ್ ನಿಯಮಗಳು ನಿಷೇಧಿಸಿವೆ. 'ನೋ ಕ್ವಾರ್ಟರ್', 'ಟೇಕ್ ನೋ ಪ್ರಿಸನರ್ಸ್' ಎಂದು ಅದನ್ನೇ ಇಂಗ್ಲಿಷಿನ ಕ್ರೀಡಾಪುಟ ಮೆಚ್ಚುಗೆಯಾಗಿ ಬರೆಯುತ್ತದೆ. ಬಾಂಬಿಗೆ ಸತ್ತ ಮಕ್ಕಳು 'ಕೊಲ್ಯಾಟರಲ್ ಡ್ಯಾಮೇಜ್' ಆಗುತ್ತಾರೆ. ಕನ್ನಡ ಟಿವಿ ಇನ್ನೂ ಒಂದು ಕೈ ಮೇಲು: 'ಪಾಪಿ ಪಾಕ್', 'ಉಗ್ರರು ಉಡೀಸ್'. ಪ್ರಾಸಕ್ಕೆ ಕೊರತೆ ಇಲ್ಲ, ಸತ್ತವರ ವಿವರಕ್ಕೆ ಮಾತ್ರ ಬರ. 2016ರಲ್ಲಿ ಬಂದ 'ಸರ್ಜಿಕಲ್ ಸ್ಟ್ರೈಕ್' ಅದೇ ವರ್ಷ ನೋಟು ರದ್ದತಿಗೂ ಅಂಟಿಕೊಂಡಿತು.

ಇಂಥ ಯುದ್ಧದ ಮಾತು ಗಡಿಯಲ್ಲೇ ನಿಲ್ಲುವುದಿಲ್ಲ. 2024ರಲ್ಲಿ ಕಡಬ, ಸುಬ್ರಹ್ಮಣ್ಯದ ಕಾಡಂಚಿನ ಮನೆಗಳಿಗೆ ನಕ್ಸಲರು ಬಂದು ಹೋದರೆಂಬ ಸುದ್ದಿ ಬಂದಾಗ, ಕಾಡು ಜಾಲಾಡುವ 'ಕೂಂಬಿಂಗ್' ಎಂಬ ಪದ ಊರಿನ ಮಕ್ಕಳ ಬಾಯಲ್ಲೂ ಓಡಾಡಿತು. ನವೆಂಬರ್ 18ರಂದು ಹೆಬ್ರಿ ತಾಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತಾಗ ಎಲ್ಲರ ಶೀರ್ಷಿಕೆಯೂ 'ಎನ್‌ಕೌಂಟರ್'. ಇದು ಯುದ್ಧವಲ್ಲ, ಕಾನೂನು ಸುವ್ಯವಸ್ಥೆಯ ವಿಷಯ ಎಂಬುದು ಸರ್ಕಾರದ ನಿಲುವು. ಹಾಗಾದರೆ ಜಿನೀವಾಕ್ಕಿಂತ ಬಿಗಿಯಾದ ನಿಯಮ ಅನ್ವಯಿಸುತ್ತದೆ: 2014ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದಂತೆ ಇಂಥ ಪ್ರತಿ ಸಾವಿಗೂ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು. 'ಎನ್‌ಕೌಂಟರ್' ಎಂಬ ಒಂದು ಪದ ಹಾಕಿದ ಕೂಡಲೇ ಈ ಮೂರನ್ನೂ ಕೇಳುವವರು ಕಡಿಮೆಯಾಗುತ್ತಾರೆ.

ಪುತ್ತೂರು, ಸುಳ್ಯ, ಕಡಬದ ವರದಿಗಾರರಲ್ಲಿ ಕೇಳಿಕೊಳ್ಳುವುದಿಷ್ಟೆ. ಮುಂದೆ ಇಂಥ ಸುದ್ದಿ ಬಂದರೆ ಯಾರು ಗುಂಡು ಹಾರಿಸಿದರು, ಯಾರು ಸತ್ತರು, ಸತ್ತವರ ಕೈಯಲ್ಲಿ ಆಯುಧವಿತ್ತೇ, ವಿಚಾರಣೆ ಯಾರ ಮುಂದಿದೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.